ದುಬಾರಿಯೋ, ದುಂದೋ?



ಅಗತ್ಯವಿಲ್ಲದ ಕಡೆ ಅಳತೆ ಮೀರಿ ಹಣ ಚೆಲ್ಲುವುದಕ್ಕೆ ಕನ್ನಡದಲ್ಲಿ 'ದುಂದು' ಎನ್ನುತ್ತೇವೆ. ಹೈದರಾಬಾದಿನಲ್ಲಿ ಇದನ್ನೇ ಉರ್ದು ಆಡುವವರು 'ಫಜೂಲ್ ಖರ್ಚಿ' ಎನ್ನುತ್ತಾರೆ, ತೆಲುಗಿನವರು 'ದುಬಾರಾ' ಎನ್ನುತ್ತಾರೆ. ಊರಿನಿಂದ ಹೊಸದಾಗಿ ಬಂದ ನಮ್ಮ ಹುಡುಗರು ಎಡವುವುದು ಇಲ್ಲಿಯೇ. ನಮ್ಮ 'ದುಬಾರಿ' ಎಂದರೆ ಬೆಲೆ ಹೆಚ್ಚು; ತೆಲುಗಿನ 'ದುಬಾರಾ' ಎಂದರೆ ದುಂದು. ದುಬಾರಿ ಪೇಟೆಯ ದೋಷ, ದುಂದು ಖರ್ಚು ಮಾಡುವವನ ದೋಷ. ಕೇಳಲು ಒಂದೇ ತರಹ ಇದ್ದರೂ ಎರಡನ್ನೂ ಬೆರೆಸಿದರೆ ನಷ್ಟ ನಮಗೇ.

ಆದರೆ ಮಾಲೀಕರು ಬೆರೆಸುವುದು ಇದನ್ನೇ. ಬೇಳೆ, ಎಣ್ಣೆ, ಬಾಡಿಗೆ ಏರಿ ಸಂಬಳ ಇಪ್ಪತ್ತನೆಯ ತಾರೀಖಿಗೇ ತೀರಿತೆಂದರೆ, "ನೀವು ದುಂದುಗಾರರು, ಎಷ್ಟು ಕೊಟ್ಟರೂ ಸಾಲದು" ಎನ್ನುತ್ತಾರೆ. ಹಬ್ಬಕ್ಕೆ ಹೆಂಡತಿಗೊಂದು ಸೀರೆ ತಂದರೂ ಅದೇ ಮಾತು. ಆ ಸೀರೆ ಬಂದದ್ದು ಬೋನಸ್ಸಿನಿಂದ. ಕಾನೂನಿನ ಕನಿಷ್ಠ ಬೋನಸ್ ಶೇಕಡಾ 8.33, ಲೆಕ್ಕಕ್ಕೆ ಹಿಡಿದ ವರ್ಷದ ಸಂಬಳದ ಹನ್ನೆರಡರಲ್ಲಿ ಒಂದು ಪಾಲು. ಅದು ಧರ್ಮಕ್ಕೆ ಬಂದದ್ದಲ್ಲ, ದುಡಿದದ್ದು.

ದುಂದು ನೋಡಬೇಕಾದರೆ ಫಲಕನುಮಾ ಗುಡ್ಡದ ಕಡೆ ತಲೆ ಎತ್ತಿ ನೋಡಿ. ಪಾಯ್ಗಾ ಮನೆತನದ ವಿಕಾರುಲ್ ಉಮ್ರಾ 1884ರಲ್ಲಿ ಆ ಅರಮನೆ ಕಟ್ಟಲು ತೊಡಗಿ ಸಾಲದಲ್ಲಿ ಮುಳುಗಿದರು. ಅರಮನೆ ಕೊನೆಗೆ ಆರನೆಯ ನಿಜಾಮರ ಕೈಸೇರಿತು. ಅಲ್ಲಿ 101 ಮಂದಿ ಒಟ್ಟಿಗೆ ಕೂತು ಉಣ್ಣುವ ಮೇಜಿದೆ. 2010ರಿಂದ ಅದೂ ಒಂದು ಹೋಟೆಲೇ. ಅದಕ್ಕೆ ಜನ 'ವೈಭವ' ಎನ್ನುತ್ತಾರೆ. ಶ್ರೀಮಂತ ಮಾಡಿದರೆ ವೈಭವ, ಬಡವ ಮಾಡಿದರೆ ದುಂದು! ಎಂಜಲು ತಟ್ಟೆ ಎತ್ತುವ ಕ್ಲೀನರ್ ಹುಡುಗನಿಗೆ ದುಂದಿನ ಅರ್ಥವನ್ನು ಯಾರೂ ಕಲಿಸಬೇಕಾಗಿಲ್ಲ.

ಹಾಗೆಂದು ನಮ್ಮಲ್ಲಿ ದುಂದೇ ಇಲ್ಲವೆಂದು ಹೇಳಲಾರೆ. ನಾಲ್ಕು ಜನ ಮೆಚ್ಚಲೆಂದು ಒಂದು ಲಕ್ಷ ಸಾಲ ತಂದು ಬ್ಯಾಂಡು, ಪೆಂಡಾಲು ಹಾಕಿಸಿ ಮದುವೆ ಮಾಡುವವರಿದ್ದಾರೆ. ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯಾದರೆ ವರ್ಷಕ್ಕೆ ಮೂವತ್ತಾರು ಸಾವಿರ ಬಡ್ಡಿಗೇ ಹೋಯಿತು, ಅಸಲು ಹಾಗೆಯೇ ಉಳಿಯಿತು. ಸಾಲ ಹೊತ್ತವನು ಮಾಲೀಕನ ಎದುರು ತಲೆ ಎತ್ತಿ ಮಾತನಾಡಲಾರ, ಮುಷ್ಕರದ ದಿನ ಹಿಂದೆ ಸರಿಯುತ್ತಾನೆ. ಈ ದುಂದನ್ನು ನಾವೇ ನಿಲ್ಲಿಸಬೇಕು.

ಆದ್ದರಿಂದ ಪ್ರತಿಯೊಬ್ಬರೂ ಒಂದು ಪುಸ್ತಕ ಇಡಿ. ಅಕ್ಕಿಗೆಷ್ಟು, ಬಾಡಿಗೆಗೆಷ್ಟು, ಮಕ್ಕಳ ಫೀಸಿಗೆಷ್ಟು, ಊರಿಗೆ ಕಳಿಸಿದ್ದೆಷ್ಟು, ಎಲ್ಲವನ್ನೂ ಬರೆಯಿರಿ. ಬರೆಯಲು ಬಾರದವರಿಗೆ ಬಲ್ಲವರು ಬರೆದುಕೊಡಿ. ಸಂಬಳದ ಮಾತುಕತೆಗೆ ಕೂತ ದಿನ ಆ ಪುಸ್ತಕಗಳನ್ನು ಮೇಜಿನ ಮೇಲಿಡೋಣ. ಇದರಲ್ಲಿ ದುಬಾರಿ ಯಾವುದು, ದುಂದು ಯಾವುದು, ಮಾಲೀಕರೇ ಬೆರಳಿಟ್ಟು ತೋರಿಸಲಿ.