ಶಾಲೆಯ ಬಾಗಿಲು ಮತ್ತು ಪಾಲಕರ ಸಹಿ

ಮುಂಬಯಿಯ ಹೋಟೆಲುಗಳು 2020ರ ಅಕ್ಟೋಬರ್ 5ರಂದು ಮತ್ತೆ ಬಾಗಿಲು ತೆರೆದವು. ಮುಂಬಯಿಯ ಶಾಲೆಗಳು ತೆರೆದದ್ದು 2021ರ ಅಕ್ಟೋಬರ್ 4ರಂದು. ಅದೂ 8ನೆಯ ಇಯತ್ತೆಯಿಂದ ಮೇಲಿನವರಿಗೆ ಮಾತ್ರ. ಒಂದು ದಿನ ಕಡಿಮೆ ಒಂದು ವರ್ಷದ ಅಂತರ! ತಂದೆಯು ಹೋಟೆಲಿನ ಭಟ್ಟಿಯ ಮುಂದೆ ನಿಂತು ಹೋಗಿಬರುವವರಿಗೆಲ್ಲ ಚಹ ಕಾಸಿಕೊಡಬಹುದು, ಆದರೆ ಅವನ ಮಗಳು ಬೆಂಚಿನ ಮೇಲೆ ಕುಳಿತು ಮಗ್ಗಿ ಹೇಳಬಾರದು ಎಂಬ ವ್ಯವಸ್ಥೆಯು ಈ ನಗರದಲ್ಲಿ ಇಷ್ಟು ಕಾಲ ನಡೆಯಿತು. ನಮ್ಮ ಸದಸ್ಯರಲ್ಲಿ ಹೋಟೆಲು ಕೆಲಸಗಾರರೇ ಬಹಳ. ಈ ಎರಡು ತಾರೀಖುಗಳ ಅರ್ಥವನ್ನು ಅವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಮುಗಿದುಹೋದ ಮಾತನ್ನು ಈಗೇಕೆ ಕೆದಕುತ್ತೀರಿ ಎಂದು ಕೇಳುವವರಿದ್ದಾರೆ. ಮುಗಿದದ್ದು ಕೋವಿಡ್ ಹಾವಳಿ, ಮಕ್ಕಳದು ಮುಗಿದಿಲ್ಲ. 2020ರ ಜೂನ್ ತಿಂಗಳಲ್ಲಿ 1ನೆಯ ಇಯತ್ತೆಗೆ ಹೆಸರು ಹಚ್ಚಿದ ಮಗುವಿನ ಲೆಕ್ಕವನ್ನೇ ನೋಡಿರಿ. ಮುಂಬಯಿಯಲ್ಲಿ 1ರಿಂದ 7ನೆಯ ಇಯತ್ತೆಗಳು ಆರಂಭವಾದದ್ದು 2021ರ ಡಿಸೆಂಬರ್ 15ರಂದು. ಆ ಮಗು ಮೊದಲ ಸಲ ಶಾಲೆಯ ಹೊಸ್ತಿಲು ತುಳಿದಾಗ ಅದು 2ನೆಯ ಇಯತ್ತೆಯ ಅರ್ಧದಲ್ಲಿತ್ತು. ಇಪ್ಪತ್ತು ದಿನಗಳೊಳಗೆ, 2022ರ ಜನವರಿ 4ರಂದು, ಬಾಗಿಲು ಮತ್ತೆ ಮುಚ್ಚಿತು. ಅದೇ ತಿಂಗಳ 24ರಂದು ತೆರೆಯಿತು. ಅಕ್ಷರ ತಿದ್ದಬೇಕಾದ ಎರಡು ವರ್ಷಗಳನ್ನು ಹೀಗೆ ಕಳೆದುಕೊಂಡ ಮಕ್ಕಳೇ ಮುಂದೆ ಮೇಲಿನ ಇಯತ್ತೆಗಳಿಗೆ ಹತ್ತಿದರು. ಬುನಾದಿ ಹಾಕದೆ ಗೋಡೆ ಏರಿಸಿದರೆ ಏನಾಗುವುದೆಂಬುದು ಕಟ್ಟಡ ಕೆಲಸದ ನಮ್ಮ ಬಂಧುಗಳಿಗೆ ಗೊತ್ತು.

ಶಾಲೆ ತೆರೆಯಬೇಕೋ ಬೇಡವೋ ಎಂಬ ಚರ್ಚೆ ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ನಡೆದುದಕ್ಕಿಂತ ಹೆಚ್ಚಾಗಿ ಚಾಳಿನ ನಳದ ಹತ್ತಿರ, ಕೂಲಿಯ ನಾಕೆಗಳಲ್ಲಿ ನಡೆಯಿತು. ಬೇಡವೆಂದವರನ್ನು ಅಜ್ಞಾನಿಗಳೆಂದು ತಳ್ಳಿಹಾಕುವುದು ನಮಗೆ ಸರಿ ಕಾಣುವುದಿಲ್ಲ. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಆಸ್ಪತ್ರೆಯ ಹಾಸಿಗೆಗಾಗಿ, ಆಕ್ಸಿಜನ್ನಿಗಾಗಿ ಅಲೆದವರು ಶಾಲೆಯ ಗಂಟೆ ಕೇಳಿದೊಡನೆ ಮಗುವನ್ನು ಕಳುಹಿಸಲಿಲ್ಲವೆಂದರೆ ಅದರಲ್ಲಿ ಆಶ್ಚರ್ಯವೇನು? ಹತ್ತು ಅಡಿ ಉದ್ದಗಲದ ಖೋಲಿಯಲ್ಲಿ ಆರೇಳು ಮಂದಿ ಮಲಗುವಾಗ, ಮಗು ಹೊತ್ತು ತಂದ ರೋಗವು ಮೊದಲು ತಗಲುವುದು ಮೂಲೆಯಲ್ಲಿ ಮಲಗಿದ ಅಜ್ಜಿಗೆ. ಅವರ ಭಯ ಮಗುವಿನ ಸಲುವಾಗಿ ಎಷ್ಟಿತ್ತೋ ಅಜ್ಜಿಯ ಸಲುವಾಗಿಯೂ ಅಷ್ಟೇ ಇತ್ತು. ದುಡಿಯುವವನು ಹದಿನೈದು ದಿನ ಮಲಗಿದರೆ ಪಗಾರವಿಲ್ಲ ಎಂಬ ಭಯ ಇವೆರಡಕ್ಕಿಂತ ಮೇಲಿನದು. ಹನ್ನೆರಡು ವರ್ಷಕ್ಕೆ ಕೆಳಗಿನ ಮಕ್ಕಳಿಗೆ ಸರಕಾರದ ಲಸಿಕಾ ಕಾರ್ಯಕ್ರಮ ಇರಲಿಲ್ಲ. 15ರಿಂದ 18 ವಯಸ್ಸಿನವರಿಗೆ ಅದು ದೊರೆತದ್ದು 2022ರ ಜನವರಿ 3ರಿಂದ.

ಬೇಕೆಂದವರ ಮಾತಿನಲ್ಲೂ ಸತ್ಯವಿತ್ತು. ಮನೆಯಲ್ಲಿ ಒಂದೇ ಮೊಬೈಲು. ಅದನ್ನು ತಂದೆ ಬೆಳಿಗ್ಗೆ ಕೆಲಸಕ್ಕೆ ಒಯ್ಯುತ್ತಾನೆ. ಪಾಠ ಬರುವುದೂ ಬೆಳಿಗ್ಗೆಯೇ. ಎರಡು ಮೂರು ಮಕ್ಕಳಿದ್ದ ಮನೆಯಲ್ಲಿ ಹಿರಿಯ ಹುಡುಗನಿಗೆ ಮೊಬೈಲು, ಹುಡುಗಿಗೆ ಪಾತ್ರೆ ತೊಳೆಯುವ ಕೆಲಸ. ಇದು ಎಲ್ಲರೂ ಕಂಡದ್ದೇ. 2021ರ ಆಗಸ್ಟ್ ತಿಂಗಳಲ್ಲಿ ಅರ್ಥಶಾಸ್ತ್ರಜ್ಞ ಜ್ಯಾಂ ಡ್ರೆಜ್ ಮೊದಲಾದವರು 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಮನೆಗಳಲ್ಲಿ ಸುಮಾರು 1,400 ಮಕ್ಕಳನ್ನು ಕಂಡು ವಿಚಾರಿಸಿದರು. ಮೊಬೈಲಿನ ಪಾಠವನ್ನು ಕ್ರಮವಾಗಿ ಕಲಿಯುತ್ತಿದ್ದವರು ಪಟ್ಟಣಗಳಲ್ಲಿ ನೂರಕ್ಕೆ 24, ಹಳ್ಳಿಗಳಲ್ಲಿ ನೂರಕ್ಕೆ 8. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿದಾಗ, ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಭಾಷಾ ಸಾಮರ್ಥ್ಯವನ್ನು ಮರೆತವರು ನೂರಕ್ಕೆ 92 ಇದ್ದರು. ಹೊಸದನ್ನು ಕಲಿಯದಿದ್ದ ಮಾತು ಬಿಡಿ, ಕಲಿತದ್ದೂ ಕೈಬಿಟ್ಟು ಹೋಯಿತು.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿತ್ತು. ಅದನ್ನು ಬೇರೆ ಯಾರೂ ಎತ್ತಿ ಹೇಳುವವರಿಲ್ಲವಾದುದರಿಂದ ನಾವೇ ಹೇಳಬೇಕಾಗಿದೆ. ಮುಂಬಯಿ ಮಹಾನಗರಪಾಲಿಕೆಯು ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತ ಬಂದಿದೆ, ಕನ್ನಡ ಅವುಗಳಲ್ಲೊಂದು. ಈ ಮಕ್ಕಳು ಓದುವುದು ಬಾಲಭಾರತಿಯು ಅಚ್ಚು ಹಾಕಿದ ಕನ್ನಡ ಪುಸ್ತಕ. ಶಾಲೆ ಮುಚ್ಚಿದಾಗ ದೂರದರ್ಶನದ ಸಹ್ಯಾದ್ರಿ ವಾಹಿನಿಯಲ್ಲಿ 'ಟಿಲಿಮಿಲಿ' ಎಂಬ ಪಾಠಮಾಲೆ 2020ರ ಜುಲೈಯಲ್ಲಿ ಆರಂಭವಾಯಿತು. ಒಳ್ಳೆಯ ಕೆಲಸವೇ, ಆದರೆ ಅದು ಮರಾಠಿಯಲ್ಲಿ. ಕರ್ನಾಟಕದ ಚಂದನ ವಾಹಿನಿಯಲ್ಲಿ ಬಂದ ಪಾಠಗಳು ಕನ್ನಡದಲ್ಲಿದ್ದವು. ಆದರೆ ಅಲ್ಲಿಯ ಪಠ್ಯ ಬೇರೆ, ಇಲ್ಲಿಯ ಪಠ್ಯ ಬೇರೆ. ಭಾಷೆ ತಿಳಿದಲ್ಲಿ ಪಾಠ ತನ್ನದಲ್ಲ, ಪಾಠ ತನ್ನದಾದಲ್ಲಿ ಭಾಷೆ ತನ್ನದಲ್ಲ. ಹೊರನಾಡ ಕನ್ನಡಿಗನ ಪಾಡು ಇದಕ್ಕಿಂತ ಸ್ಪಷ್ಟವಾಗಿ ಎಲ್ಲಿ ಕಂಡೀತು! ಇಂಥ ಮಗುವಿಗೆ ಎದುರು ನಿಂತು ಕನ್ನಡದಲ್ಲಿ ಕಲಿಸುವ ಬಾಯಿ ಮಾಸ್ತರರ ಅವಶ್ಯಕತೆ ಉಳಿದವರಿಗಿಂತ ಹೆಚ್ಚು.

ಇಂಥ ಹೊತ್ತಿನಲ್ಲಿ ಆಳುವವರು ಮಾಡಿದ್ದೇನು? 2021ರ ಆಗಸ್ಟ್ 10ರಂದು ರಾಜ್ಯ ಸರಕಾರವು 17ರಿಂದ ಶಾಲೆ ತೆರೆಯುವುದಾಗಿ ನಿರ್ಣಯ ಹೊರಡಿಸಿತು. ವೈದ್ಯರ ಕಾರ್ಯಪಡೆ ಆಕ್ಷೇಪವೆತ್ತಿತು. ನಿರ್ಣಯದ ಮಸಿ ಆರುವ ಮೊದಲೇ ಅದನ್ನು ತಡೆಹಿಡಿಯಲಾಯಿತು. ವೈದ್ಯರನ್ನು ಮೊದಲು ಕೇಳಿ ಅನಂತರ ನಿರ್ಣಯ ಬರೆಯಬಾರದಿತ್ತೆ? ಪಾಲಕರಿಂದ ಸಹಿಯನ್ನು ಬೇಡಲಾಯಿತು.

ಈ ಸಹಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಮಗುವನ್ನು ಶಾಲೆಗೆ ಕಳುಹಿಸಲು ಪಾಲಕರ ಲಿಖಿತ ಒಪ್ಪಿಗೆ ಬೇಕೆಂದು ನಿಯಮವಾಯಿತು. ಮೇಲ್ನೋಟಕ್ಕೆ ಇದು ಪಾಲಕರಿಗೆ ಕೊಟ್ಟ ಗೌರವ. ವಾಸ್ತವದಲ್ಲಿ ಹೊಣೆಯನ್ನು ದಾಟಿಸುವ ಉಪಾಯವೂ ಆಯಿತು. ಖೋಲಿಯ ಕಿಟಕಿ ತೆರೆದಿದೆಯೇ, ಒಂದು ಬೆಂಚಿಗೆ ಎಷ್ಟು ಮಕ್ಕಳು, ಶೌಚಾಲಯದಲ್ಲಿ ನೀರಿದೆಯೇ, ಮಗುವಿಗೆ ಜ್ವರ ಬಂದರೆ ಯಾರಿಗೆ ತಿಳಿಸುತ್ತೀರಿ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡದೆ, ತಾನು ಓದಲಾರದ ಭಾಷೆಯ ಕಾಗದದ ಮೇಲೆ ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯೇ? ಒಪ್ಪಿಗೆಯೆಂದರೆ ಕೇಳಿ, ತಿಳಿದು, ಪ್ರಶ್ನಿಸಿ ಕೊಡುವಂಥದು. ಕೆಲಸಕ್ಕೆ ಸೇರುವಾಗ ಬರಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ಮಾಲೀಕರನ್ನು ನಾವು ಕಂಡಿದ್ದೇವೆ. ಈ ರೀತಿ ನಮಗೆ ಹೊಸದಲ್ಲ. (ಗಾಳಿಯ ಮೂಲಕ ಹರಡುವ ರೋಗಕ್ಕೆ ಕಿಟಕಿ ತೆರೆದಿಡುವುದೇ ಮುಖ್ಯವೆಂದು ತಿಳಿಯುವ ಹೊತ್ತಿಗೆ ಮೇಜುಕುರ್ಚಿ ಒರೆಸುವ ಔಷಧಕ್ಕೆ ಹಣವೆಲ್ಲ ಸುರಿದಾಗಿತ್ತು. ಕಿಟಕಿಗೆ ಖರ್ಚಿಲ್ಲ, ಬಹುಶಃ ಅದಕ್ಕೇ ಅದರ ನೆನಪಾಗಲಿಲ್ಲ.)

ಬಾಗಿಲು ತೆರೆದ ಮೇಲೂ ಎಲ್ಲರೂ ಬರಲಿಲ್ಲ. 2020ರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಗೆ ಲಾರಿಯಲ್ಲಿಯೋ ಕಾಲ್ನಡಿಗೆಯಲ್ಲಿಯೋ ಹೊರಟುಹೋದ ಕುಟುಂಬಗಳಲ್ಲಿ ಎಷ್ಟೋ ಮಕ್ಕಳು ಅಲ್ಲಿಯ ಶಾಲೆಗೂ ಸೇರದೆ, ಇಲ್ಲಿಯ ಹಾಜರಿಪಟ್ಟಿಯಲ್ಲಿಯೂ ಉಳಿಯದೆ ನಡುದಾರಿಯಲ್ಲಿ ನಿಂತರು. ಊರಲ್ಲಾದರೂ ಒಂದು ಪ್ರಯತ್ನ ನಡೆದಿತ್ತು. ಕರ್ನಾಟಕ ಸರಕಾರವು 2020ರ ಆಗಸ್ಟಿನಲ್ಲಿ 'ವಿದ್ಯಾಗಮ' ಎಂಬ ಯೋಜನೆಯಿಂದ ಶಿಕ್ಷಕರನ್ನೇ ಮಕ್ಕಳಿದ್ದಲ್ಲಿಗೆ ಕಳುಹಿಸಿತು. ಗುಡಿಯ ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ ಪಾಠ ನಡೆಯಿತು. ಸೋಂಕಿನ ಸುದ್ದಿಗಳು ಬಂದುದರಿಂದ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಿದರು. ಮುಂಬಯಿಯಲ್ಲಿ ಮರದ ನೆರಳು ಕಡಿಮೆ ನಿಜ. ಆದರೆ ಮೈದಾನಗಳಿದ್ದವು, ಖಾಲಿ ಬಿದ್ದ ಸಭಾಗೃಹಗಳಿದ್ದವು. ಹಗಲು ದುಡಿದು ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿದ ಹಿರಿಯರು ಈ ನಗರದ ಕನ್ನಡಿಗರಲ್ಲಿ ನೂರಾರು. ಶಾಲೆಯೆಂದರೆ ಹಗಲು ಹನ್ನೊಂದರಿಂದ ಐದರವರೆಗೆ, ಒಂದೇ ಕಟ್ಟಡದಲ್ಲಿ, ಎಂಬ ನಿಯಮವನ್ನು ಅವರು ಎಂದೋ ಮುರಿದಿದ್ದರು. ಪಾಳಿಯಲ್ಲಿ ಗಿರಣಿ ನಡೆಯಬಹುದಾದರೆ ಪಾಳಿಯಲ್ಲಿ, ಸಣ್ಣ ಸಣ್ಣ ಗುಂಪುಗಳಲ್ಲಿ, ಒಂದನೆಯ ಎರಡನೆಯ ಇಯತ್ತೆಯ ಮಕ್ಕಳನ್ನು ಮೊದಲು ಕರೆಯಬಹುದಿತ್ತು. ಸರಕಾರ ದೊಡ್ಡ ಮಕ್ಕಳನ್ನು ಮೊದಲು ಕರೆಯಿತು, ಏಕೆಂದರೆ ಅವರಿಗೆ ಬೋರ್ಡಿನ ಪರೀಕ್ಷೆ ಇತ್ತು. ಪರೀಕ್ಷೆಯಿಲ್ಲದ ಮಗುವಿನ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಂಥ ಗಂಡಾಂತರ ಮತ್ತೆ ಬಾರದೆಂದು ಯಾರೂ ಬರೆದುಕೊಟ್ಟಿಲ್ಲ. ರೋಗವೇ ಆಗಬೇಕೆಂದಿಲ್ಲ, ಮಳೆಯ ಪ್ರವಾಹಕ್ಕೂ ಈ ನಗರದಲ್ಲಿ ಶಾಲೆ ಮುಚ್ಚುತ್ತದೆ. ಆಗ ಮಾತಾಡಲು ಪಾಲಕರಿಗೆ ಜಾಗವೆಲ್ಲಿದೆ? ಕಾಯಿದೆಯಲ್ಲಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 21ನೆಯ ಕಲಮಿನಂತೆ ಸರಕಾರಿ, ಪಾಲಿಕೆ ಮತ್ತು ಅನುದಾನಿತ ಶಾಲೆಗಳಲ್ಲಿ ವ್ಯವಸ್ಥಾಪನ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಒಟ್ಟಿನಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. ನಮ್ಮವರಲ್ಲಿ ಎಷ್ಟು ಜನ ಆ ಸಭೆಗೆ ಹೋಗಿದ್ದಾರೆ? ಮಧ್ಯಾಹ್ನ ಎರಡು ಗಂಟೆಗೆ ಸಭೆ ಕರೆದರೆ ಕೂಲಿಯವನು ಒಂದು ದಿನದ ಗಳಿಕೆ ಬಿಟ್ಟು ಹೋಗಲಾರ. ಆದುದರಿಂದ ಸಭೆಯನ್ನು ರವಿವಾರ ಅಥವಾ ಸಂಜೆ ಏಳರ ಅನಂತರ ಕರೆಯಬೇಕು, ಕನ್ನಡ ಶಾಲೆಗಳ ಸೂಚನಾಪತ್ರ ಕನ್ನಡದಲ್ಲಿಯೇ ಇರಬೇಕು, ಶಾಲೆ ಮುಚ್ಚುವ ಮತ್ತು ತೆರೆಯುವ ಯೋಜನೆಯನ್ನು ಈ ಸಮಿತಿಯ ಮುಂದಿಟ್ಟು ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮೇಲೆಯೇ ಸಹಿ ಕೇಳಬೇಕು ಎಂದು ನಾವು ಒತ್ತಾಯಿಸುತ್ತೇವೆ.

ಊರಿಗೆ ಹೋಗಿ ಬಂದುದರಿಂದ ಶಾಲೆ ತಪ್ಪಿದ ಮಕ್ಕಳು ನಿಮ್ಮ ಚಾಳಿನಲ್ಲಿ, ನಿಮ್ಮ ಕೆಲಸದ ಜಾಗದಲ್ಲಿ ಇದ್ದರೆ ಅವರ ತಾಯಿತಂದೆಗಳಿಗೆ ಹೀಗೆ ತಿಳಿಸಿರಿ: ಅದೇ ಕಾಯಿದೆಯಂತೆ 6ರಿಂದ 14 ವಯಸ್ಸಿನ ಮಗುವನ್ನು ವಯಸ್ಸಿಗೆ ತಕ್ಕ ಇಯತ್ತೆಗೆ ಸೇರಿಸಿಕೊಳ್ಳಬೇಕು, ಹಿಂದಿನ ಶಾಲೆಯ ದಾಖಲೆ ತಡವಾಯಿತೆಂಬ ಕಾರಣಕ್ಕೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಅರ್ಜಿ ಬರೆದುಕೊಡಲು ಸಂಘದ ಕಚೇರಿಯಲ್ಲಿ ಪ್ರತಿ ರವಿವಾರ ಬೆಳಿಗ್ಗೆ ಜನರಿರುತ್ತಾರೆ. ಬರುವಾಗ ಮಗುವನ್ನೂ ಕರೆತನ್ನಿರಿ.