ಹಳೆ ಜೀಪು ಮಾರುವ ಮೊದಲು

ಪೈವಳಿಕೆ, ಎಣ್ಮಕಜೆ ಕಡೆಯ ಗುಡ್ಡದ ಮನೆಗಳಲ್ಲಿ ಈಗ ಒಂದೇ ಮಾತು: "ಹಳೆ ಜೀಪು ಡೀಸೆಲ್ ಕುಡಿಯುತ್ತದೆ, ಮಾರಿಬಿಡೋಣ." ಆದರೆ ಮಳೆಗಾಲದಲ್ಲಿ ಅಡಿಕೆ ಮೂಟೆಯನ್ನೂ ರೋಗಿಯನ್ನೂ ಕೆಳಗಿಳಿಸುವುದು ಅದೇ ಗಾಡಿ.

ಅಂಗಡಿಯವನ ಮಗ ನಾನು, ಮೊದಲು ತಕ್ಕಡಿ ನೋಡುತ್ತೇನೆ. ಟಯರಿನ ಸುತ್ತಳತೆ ನೂರಕ್ಕೆ 10 ಹೆಚ್ಚಿದರೆ, 110 ಕಿ.ಮೀ. ಓಡಿದ್ದನ್ನು ಮೀಟರ್ 100 ಎಂದೇ ತೋರಿಸುತ್ತದೆ. ಮೇಲಾಗಿ ಭಾರದ ಟಯರಿಗೆ ಡೀಸೆಲೂ ಹೆಚ್ಚು ಬೇಕು. ಕೆಸರು ದಾಟಿ ಡಾಂಬರಿಗೆ ಬಂದ ಮೇಲೂ ಫೋರ್ ವೀಲ್ ತೆಗೆಯದಿದ್ದರೆ ಮುಂದಿನ, ಹಿಂದಿನ ಚಕ್ರಗಳು ಒಂದನ್ನೊಂದು ಜಗ್ಗುತ್ತವೆ. ಡೀಸೆಲ್ ಪೋಲು, ಟಯರೂ ಸವೆಯುತ್ತದೆ.

ಕಂಪೆನಿ ಅಳತೆಯ ಟಯರ್, ಸರಿಯಾದ ಗಾಳಿ, ಶುಚಿಯಾದ ಏರ್ ಫಿಲ್ಟರ್, ಹಿಡಿದುಕೊಳ್ಳದ ಬ್ರೇಕ್. ಇಷ್ಟು ಸರಿಮಾಡಿ, ಟ್ಯಾಂಕ್ ತುಂಬಿಸಿ ಅಳೆಯಿರಿ. ಆಮೇಲೂ ಕಟ್ಟುಬೀಳದಿದ್ದರೆ ಮಾರಿ.