ಕಾಣದ ಬೆಲ್ಟಿಗೂ ಒಂದು ತಾರೀಖು ಬೇಕು

ಕೆಎ-10 ನಂಬರಿನ ಕಾರೊಂದಕ್ಕೆ 15 ವರ್ಷ ತುಂಬಿದರೆ ಮಾಲೀಕ ನೋಂದಣಿ ನವೀಕರಿಸಲು ಚಾಮರಾಜನಗರದ ಆರ್‌ಟಿಒ ಕಚೇರಿಗೆ ಹೋಗಬೇಕು. 2022ರ ಏಪ್ರಿಲ್‌ನಿಂದ ಕೇಂದ್ರದ ನಿಯಮದಂತೆ ಇದರ ಶುಲ್ಕ 5,000 ರೂಪಾಯಿಗೆ ಏರಿತು. ಬ್ರೇಕು ಹಿಡಿಯುತ್ತದೆಯೇ, ದೀಪಗಳು ಉರಿಯುತ್ತವೆಯೇ, ಹೊಗೆ ಮಿತಿಯಲ್ಲಿದೆಯೇ ಎಂದೆಲ್ಲ ನೋಡುತ್ತಾರೆ. ಆದರೆ ಆ ಎಂಜಿನ್ ನಾಳೆಯೂ ಓಡುತ್ತದೆಯೋ ಇಲ್ಲವೋ ಎಂಬುದು ನಿಂತಿರುವ ಒಂದು ರಬ್ಬರ್ ಪಟ್ಟಿಯನ್ನು ಯಾರೂ ನೋಡುವುದಿಲ್ಲ. ಅದು ಎಂಜಿನ್ನಿನ ಪಕ್ಕದಲ್ಲಿ, ಪ್ಲಾಸ್ಟಿಕ್ ಮುಚ್ಚಳದ ಒಳಗೆ ಇರುತ್ತದೆ. ಅದೇ ಟೈಮಿಂಗ್ ಬೆಲ್ಟ್.

ಹಳೆಯ ಕಾರಿನ ಹುಚ್ಚು ಈಗ ದೊಡ್ಡ ಊರುಗಳಿಗಷ್ಟೇ ಸೇರಿದ್ದಲ್ಲ. ನಮ್ಮ ದೇಶದಲ್ಲಿ ನಿಜವಾದ ಸ್ಪೋರ್ಟ್ಸ್ ಕಾರು ಎಂದು ಹೇಳಿಕೊಳ್ಳುವಂಥದ್ದು ಬಂದದ್ದೇ ಕಡಿಮೆ. 1990ರ ದಶಕದ ಕೊನೆಯಲ್ಲಿ ಬಂದ ಎರಡು ಸೀಟಿನ ‘ಸ್ಯಾನ್ ಸ್ಟಾರ್ಮ್’ ಅಂಥದ್ದೊಂದು. ಫೈಬರ್ ಮೈ, ರೆನೊ ಕಂಪನಿಯ 1149 ಸಿಸಿ ಎಂಜಿನ್. ಬೀದಿಯಲ್ಲಿ ಕಂಡವರಿಗಿಂತ ಅದರ ಬಗ್ಗೆ ಓದಿದವರೇ ಹೆಚ್ಚು. ಹೀಗಾಗಿ ವೇಗದ ಆಸೆಯಿರುವ ಹುಡುಗರು ಕೈ ಹಾಕುವುದು ಮಾರುತಿ ಎಸ್ಟೀಮ್, ಝೆನ್, ಮಿತ್ಸುಬಿಷಿ ಲ್ಯಾನ್ಸರ್ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಹಳೆಯ ಹೋಂಡಾ ಸಿಟಿ ವಿಟೆಕ್‌ಗೆ. 1.5 ಲೀಟರಿನ, 106 ಅಶ್ವಶಕ್ತಿಯ ಆ ಸಿಟಿ 2003ರಲ್ಲಿ ನಿಂತುಹೋಯಿತು. ರ‍್ಯಾಲಿಗಳಲ್ಲಿ ಮಾತ್ರ ಆಮೇಲೂ ವರ್ಷಗಟ್ಟಲೆ ಓಡಿತು. ಇವೆಲ್ಲವುಗಳ ಎಂಜಿನ್ನಿನಲ್ಲಿ ಇರುವುದು ಚೈನಲ್ಲ, ಬೆಲ್ಟು.

ಈ ಬೆಲ್ಟಿನ ಕೆಲಸ ಹೇಳಲು ಸುಲಭ. ಪಿಸ್ಟನ್ನುಗಳನ್ನು ಮೇಲೆ ಕೆಳಗೆ ಆಡಿಸುವ ಕ್ರ್ಯಾಂಕ್ ಶಾಫ್ಟು ಎರಡು ಸುತ್ತು ತಿರುಗಿದಾಗ, ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟು ಸರಿಯಾಗಿ ಒಂದು ಸುತ್ತು ತಿರುಗಬೇಕು. ಎರಡನ್ನೂ ಕಟ್ಟಿಹಾಕಿರುವುದು ಈ ಹಲ್ಲಿನ ಬೆಲ್ಟು. ನಿಮಿಷಕ್ಕೆ ಆರು ಸಾವಿರ ಸುತ್ತಿನ ವೇಗದಲ್ಲೂ ಒಂದು ಹಲ್ಲು ಆಚೀಚೆ ಆಗುವಂತಿಲ್ಲ. ಸಿಟಿ ವಿಟೆಕ್‌ನಂಥ ಎಂಜಿನ್ನುಗಳಲ್ಲಿ ವಾಲ್ವು ಇಳಿದು ಬರುವ ಜಾಗ, ಪಿಸ್ಟನ್ ಏರಿ ಬರುವ ಜಾಗ ಎರಡೂ ಒಂದೇ. ಬೆಲ್ಟು ಹರಿದರೆ ಕ್ಯಾಮು ಅಲ್ಲೇ ನಿಲ್ಲುತ್ತದೆ, ಕ್ರ್ಯಾಂಕು ಓಡುತ್ತಲೇ ಇರುತ್ತದೆ. ತೆರೆದುಕೊಂಡು ನಿಂತ ವಾಲ್ವಿಗೆ ಪಿಸ್ಟನ್ ಬಡಿದು ವಾಲ್ವು ಬಾಗುತ್ತದೆ. ಹೆಡ್ ಬಿಚ್ಚಿಸಿ ರಿಪೇರಿ ಮಾಡಿಸುವ ಖರ್ಚು ಕಾರಿನ ಬೆಲೆಯನ್ನೇ ಮುಟ್ಟಬಹುದು. ಎಲ್ಲ ಎಂಜಿನ್ನೂ ಹೀಗಲ್ಲ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಸ್ಪೋರ್ಟ್ಸ್ ಕಾರಿನಲ್ಲಿ ಬೆಲ್ಟು ಹರಿದರೆ ಕಾರು ನಿಲ್ಲುತ್ತದೆ, ವಾಲ್ವು ಉಳಿಯುತ್ತದೆ. ತನ್ನ ಕಾರು ಯಾವ ಜಾತಿಗೆ ಸೇರಿದ್ದು ಎಂಬುದನ್ನು ಕೊಳ್ಳುವವನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಕಾರಿಗೆ ಹಲ್ಲಿನ ಬೆಲ್ಟನ್ನು ಮೊದಲು ಹಾಕಿ ಮಾರಿದ್ದು ಜರ್ಮನಿಯ ಡಿಂಗೊಲ್ಫಿಂಗ್ ಎಂಬ ಊರಿನ ಗ್ಲಾಸ್ ಕಂಪನಿ, 1962ರಲ್ಲಿ, ತನ್ನ ‘1004’ ಕಾರಿನಲ್ಲಿ. ಹೊಲದ ಯಂತ್ರಗಳನ್ನು ಮಾಡುತ್ತಾ ಬೆಳೆದ ಕಂಪನಿ ಅದು. ಆಮೇಲೆ ಫೆರಾರಿ ಬಿಟ್ಟು ಬಂದಿದ್ದ ಲಾಂಪ್ರೆದಿ ಎಂಬ ಎಂಜಿನಿಯರ್ ಫಿಯೆಟ್‌ಗಾಗಿ ಎರಡು ಕ್ಯಾಮಿನ ಬೆಲ್ಟ್ ಎಂಜಿನ್ ಮಾಡಿದ. ಬೆಲ್ಟು ಚೈನಿಗಿಂತ ಹಗುರ, ಸದ್ದಿಲ್ಲ, ಎಣ್ಣೆ ಬೇಡ, ಅಗ್ಗ. ಆದರೆ ಸವೆದ ಚೈನು ಕರಕರ ಸದ್ದು ಮಾಡಿ ಮುನ್ಸೂಚನೆ ಕೊಡುತ್ತದೆ. ಬೆಲ್ಟು ಬಹಳ ಸಲ ಏನನ್ನೂ ಹೇಳದೆ ಹರಿಯುತ್ತದೆ.

ನಮ್ಮ ಕಡೆ ಜನ ತಪ್ಪು ಮಾಡುವುದು ಇಲ್ಲೇ. ಕಾರು ಕೊಳ್ಳುವಾಗ ಎಲ್ಲರ ಕಣ್ಣೂ ಮೀಟರಿನ ಮೇಲೆ. ‘ಬರೀ ನಲವತ್ತು ಸಾವಿರ ಓಡಿದೆ, ಬೆಲ್ಟಿಗೇನಾಗಿರುತ್ತೆ’ ಎನ್ನುತ್ತಾರೆ. ವರ್ಷಕ್ಕೆ 4,000 ಕಿ.ಮೀ. ಓಡಿದ ಕಾರಿನ ಬೆಲ್ಟಿಗೆ 40,000 ಕಿ.ಮೀ. ಆಗುವಷ್ಟರಲ್ಲಿ 10 ವರ್ಷ ತುಂಬಿರುತ್ತದೆ. ರಬ್ಬರಿಗೆ ವಯಸ್ಸಾಗುವುದು ಓಟದಿಂದ ಮಾತ್ರವಲ್ಲ. ಬಿಸಿ, ದೂಳು, ಸೀಲಿನಿಂದ ಜಿನುಗುವ ಎಣ್ಣೆ ಎಲ್ಲವೂ ಅದನ್ನು ತಿನ್ನುತ್ತವೆ. ಬೆಲ್ಟಿನ ಆಯಸ್ಸು ಸಾಮಾನ್ಯವಾಗಿ 60,000ದಿಂದ 1,00,000 ಕಿ.ಮೀ., ಇಲ್ಲವೇ ಐದಾರು ವರ್ಷ, ಯಾವುದು ಮೊದಲೋ ಅದು. ಆಯಾ ಕಾರಿನ ಪುಸ್ತಕ ಹೇಳಿದ್ದೇ ಕೊನೆಯ ಮಾತು. ಹಿಂದಿನ ಮಾಲೀಕ ಬದಲಾಯಿಸಿದ ದಾಖಲೆ ಇಲ್ಲವೆಂದರೆ ಬದಲಾಯಿಸಿಲ್ಲ ಎಂದೇ ಲೆಕ್ಕ ಹಿಡಿಯುವುದು ಕ್ಷೇಮ.

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯಲ್ಲಿ ಈ ಲೆಕ್ಕಕ್ಕೆ ಇನ್ನಷ್ಟು ತೂಕವಿದೆ. ಊರಿನಿಂದ ಒಂದು ಹೆದ್ದಾರಿ ಸುಲ್ತಾನ್ ಬತ್ತೇರಿಗೆ, ಇನ್ನೊಂದು ಬಂಡೀಪುರ, ಗೂಡಲೂರು ಹಾದು ಊಟಿಗೆ ಹೋಗುತ್ತವೆ. ಎರಡೂ ಕಾಡಿನೊಳಗಿನ ದಾರಿಗಳೇ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೊರಟರೆ ದಿಂಬಂ ಘಾಟಿಯ 27 ತಿರುವುಗಳು. ಇಂಥ ದಾರಿಯಲ್ಲಿ ರಾತ್ರಿ ಎಂಟಕ್ಕೆ ಬೆಲ್ಟು ಹರಿದರೆ ಗೇಟು ಮುಚ್ಚಲು ಉಳಿಯುವುದು ಒಂದೇ ಗಂಟೆ, ಸುತ್ತ ಆನೆ ತಿರುಗುವ ಕಾಡು, ಕಾರಿನಲ್ಲಿ ಹೆಂಡತಿ ಮಕ್ಕಳು. ಕಾರು ನಿಂತ ಕೂಡಲೇ ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡುವುದು ನಮ್ಮ ರೂಢಿ. ಬೆಲ್ಟಿನ ತೊಂದರೆ ಎಂಬ ಅನುಮಾನ ಇದ್ದರೆ ಅದನ್ನು ಮಾಡಲೇಬಾರದು. ಗೇರಿಗೆ ಹಾಕಿ ತಳ್ಳಿದರೆ ಉಳಿದಿದ್ದ ವಾಲ್ವೂ ಬಾಗಬಹುದು. ಪದೇಪದೇ ಸೆಲ್ಫ್ ಹೊಡೆಯುವುದೂ ಅಷ್ಟೇ ಅಪಾಯ. ನ್ಯೂಟ್ರಲ್‌ನಲ್ಲಿಟ್ಟು ಪಕ್ಕಕ್ಕೆ ಸರಿಸಿ, ಎಳೆಸಿಕೊಂಡು ಹೋಗುವುದೊಂದೇ ದಾರಿ.

ಹಾಗಾದರೆ ಮನೆಯಲ್ಲೇ ಬದಲಾಯಿಸಬಹುದೇ? ಬದಲಾಯಿಸಬಹುದು, ಮತ್ತು ಕೈಯಲ್ಲಿ ಕಸುಬಿರುವವರು ಬದಲಾಯಿಸಬೇಕು ಕೂಡ. ಆದರೆ ಅದು ಎಣ್ಣೆ ಬದಲಾಯಿಸಿದಂತೆ ಅಲ್ಲ. ಸಿಟಿ ವಿಟೆಕ್ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಎಡ ಮುಂಚಕ್ರ ತೆಗೆದು ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರೀ ಜಾಕಿಯನ್ನು ನಂಬಿ ಅಡಿಗೆ ಕೈ ಹಾಕುವುದು ಪ್ರಾಣಕ್ಕೇ ಸಂಚಕಾರ. ಆಲ್ಟರ್ನೇಟರ್ ಬೆಲ್ಟು, ಸ್ಟೀರಿಂಗ್ ಪಂಪಿನ ಬೆಲ್ಟು, ಮೇಲಿನ ವಾಲ್ವ್ ಕವರ್ ಬಿಚ್ಚಿ, ಎಂಜಿನ್ನಿನ ಅಡಿಗೆ ಮರದ ತುಂಡಿಟ್ಟು ಜಾಕಿಯಿಂದ ಆಸರೆ ಕೊಟ್ಟು ಎಡಗಡೆಯ ಮೌಂಟಿಂಗ್ ತೆಗೆಯಬೇಕು.

ಅಲ್ಲಿಂದ ಮುಂದೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟು. ಹೋಂಡಾದ ಈ ಬೋಲ್ಟು ಇಪ್ಪತ್ತು ವರ್ಷದಿಂದ ಕೂತು ಬಿಗಿದುಕೊಂಡಿರುತ್ತದೆ. ಪುಲ್ಲಿ ಹಿಡಿದಿಡುವ ಸಾಧನ ಒಂದು ಕೈಯಲ್ಲಿ, ಉದ್ದದ ಪೈಪು ಸಿಕ್ಕಿಸಿದ ಪಾನಾ ಇನ್ನೊಂದು ಕೈಯಲ್ಲಿ ಇಲ್ಲದೆ ಅದು ಮಿಸುಕುವುದಿಲ್ಲ. ಸೆಲ್ಫ್ ಹೊಡೆದು ಬೋಲ್ಟು ಸಡಿಲಿಸುವ ಅಡ್ಡದಾರಿಯನ್ನು ಕೆಲವರು ಹೇಳಿಕೊಡುತ್ತಾರೆ. ಈ ಎಂಜಿನ್ ತಿರುಗುವುದೇ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಇಲ್ಲಿ ಆ ದಾರಿ ಬೋಲ್ಟನ್ನು ಬಿಚ್ಚುವ ದಿಕ್ಕಿಗೇ ಎಂಜಿನ್ನನ್ನು ತಳ್ಳುವುದಿಲ್ಲ, ಕೈ ಕಾಲು ಮುರಿಯುವುದಷ್ಟೇ ಲಾಭ.

ಹಳೆಯ ಬೆಲ್ಟು ತೆಗೆಯುವ ಮುನ್ನ ಗುರುತುಗಳನ್ನು ಕೂಡಿಸಬೇಕು. ಕ್ಯಾಮ್ ಪುಲ್ಲಿಯ ‘ಅಪ್’ ಗುರುತು ನೆತ್ತಿಗೆ ಬರಬೇಕು, ಅದರ ಅಂಚಿನ ಎರಡು ಗೆರೆಗಳು ಹೆಡ್ಡಿನ ಮೇಲ್ಮೈಗೆ ಸಮನಾಗಿ ನಿಲ್ಲಬೇಕು; ಕೆಳಗೆ ಕ್ರ್ಯಾಂಕಿನ ಗುರುತು ಆಯಿಲ್ ಪಂಪಿನ ಮೇಲಿನ ಬಾಣಕ್ಕೆ ಎದುರಾಗಬೇಕು. ಹೊಸ ಬೆಲ್ಟು ಹಾಕಿದ ಮೇಲೆ ಸೆಲ್ಫ್ ಹೊಡೆಯುವ ಆತುರ ಬೇಡ. ಪಾನಾ ಹಾಕಿ ಕ್ರ್ಯಾಂಕನ್ನು ಕೈಯಿಂದಲೇ ಐದಾರು ಸುತ್ತು ತಿರುಗಿಸಿ ಬೆಲ್ಟನ್ನು ಕೂರಿಸಬೇಕು. ಟೆನ್ಷನರ್ ಬೋಲ್ಟು ಸಡಿಲಿಸಿ, ಕ್ರ್ಯಾಂಕನ್ನು ಕ್ಯಾಮ್ ಪುಲ್ಲಿಯ ಮೂರು ಹಲ್ಲಿನಷ್ಟು ಮುಂದೆ ತಿರುಗಿಸಿ, ಮತ್ತೆ ಬಿಗಿಯಬೇಕು. ಗುರುತುಗಳನ್ನು ಇನ್ನೊಮ್ಮೆ ನೋಡಬೇಕು. ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಬೇಕು. ವಾಲ್ವಿಗೆ ಪಿಸ್ಟನ್ ತಾಗುತ್ತಿರಬಹುದು. ಈ ಒಂದು ತಾಳ್ಮೆಯ ಮೇಲೆ ಇಡೀ ಎಂಜಿನ್ ನಿಂತಿದೆ.

ಇಷ್ಟು ಬಿಚ್ಚಿದ ಮೇಲೆ ಬೆಲ್ಟನ್ನಷ್ಟೇ ಹಾಕಿ ಮುಚ್ಚುವುದು ಉಳಿತಾಯವಲ್ಲ. ಟೆನ್ಷನರ್ ಬೇರಿಂಗು, ಕ್ಯಾಮ್ ಮತ್ತು ಕ್ರ್ಯಾಂಕಿನ ಆಯಿಲ್ ಸೀಲು, ಇದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪು ಇವನ್ನೂ ಜೊತೆಗೇ ಬದಲಾಯಿಸಬೇಕು. ಆರು ತಿಂಗಳಲ್ಲಿ ಪಂಪು ಸೋರಿದರೆ ಅಷ್ಟೂ ಕೆಲಸ ಮತ್ತೆ ಮೊದಲಿಂದ. ಆದರೂ ನಮ್ಮವರು ಅದೃಷ್ಟವಂತರು. ಫೆರಾರಿ ಎಫ್355 ಇದ್ದವರು ಬೆಲ್ಟು ಬದಲಿಸಲು ಎಂಜಿನ್ನನ್ನೇ ಕಾರಿನಿಂದ ಕೆಳಗಿಳಿಸಬೇಕು.

ಈ ಕೆಲಸ ಬಾರದವರು ಊರಿನ ಗ್ಯಾರೇಜಿಗೆ ಹೋಗುವುದರಲ್ಲಿ ಯಾವ ತಪ್ಪೂ ಇಲ್ಲ. ಕೈಗುಣದಲ್ಲಿ ನಮ್ಮ ಸಣ್ಣ ಗ್ಯಾರೇಜುಗಳ ಮೇಸ್ತ್ರಿಗಳು ಯಾರಿಗೂ ಕಡಿಮೆಯಲ್ಲ. ಅವರಿಗೆ ಸಿಗದೇ ಇರುವುದು ಬೇರೆ: ಆ ಕಾರಿನ ಸರ್ವಿಸ್ ಪುಸ್ತಕ, ಪುಲ್ಲಿ ಹಿಡಿಯುವ ಸಾಧನ, ಬೋಲ್ಟನ್ನು ಅಳತೆಗೆ ತಕ್ಕಂತೆ ಬಿಗಿಯುವ ಟಾರ್ಕ್ ರೆಂಚು, ನಂಬಬಹುದಾದ ಬಿಡಿಭಾಗ. ಹೊಸ ಹೋಂಡಾ ಸಿಟಿಗಳಲ್ಲಿ, ಮಾರುತಿಯ ಕೆ-ಸರಣಿ ಎಂಜಿನ್ನುಗಳಲ್ಲಿ ಚೈನು ಬಂದ ಮೇಲೆ ಈಗ ಕಸುಬು ಕಲಿಯುವ ಹುಡುಗರಿಗೆ ಇಂಥ ಬೆಲ್ಟು ಕೈಗೆ ಸಿಗುವುದೂ ಕಡಿಮೆಯಾಗಿದೆ.

ಪುಸ್ತಕ, ಸಾಧನಗಳ ಈ ಕೊರತೆ ತಾನಾಗಿ ಬಂದದ್ದಲ್ಲ. ಬಿಡಿಭಾಗ, ತಾಂತ್ರಿಕ ಮಾಹಿತಿ, ಸಾಧನಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ಮಾಡಿತು, ಒಂದು ಪೋರ್ಟಲ್ ಕೂಡ ತೆರೆಯಿತು. ವಾಹನ ಕ್ಷೇತ್ರವೂ ಅದರಲ್ಲಿದೆ. ಗುಂಡ್ಲುಪೇಟೆಯ ಗ್ಯಾರೇಜಿನವನಿಗೆ ಬೇಕಾಗಿರುವುದು ಪೋರ್ಟಲ್ ಅಲ್ಲ, ಕೈಗೆ ಸಿಗುವ ಪುಸ್ತಕ.

ನಿಲ್ಲಿಸಿದ ಮಾಡೆಲುಗಳ ಸರ್ವಿಸ್ ಪುಸ್ತಕವನ್ನು ಬಚ್ಚಿಟ್ಟು ಯಾವ ಕಂಪನಿಗೂ ಈಗ ಲಾಭವಿಲ್ಲ. ಅವನ್ನು ಉಚಿತವಾಗಿ, ಕನ್ನಡದಲ್ಲೂ ಕೊಡಲಿ. ಹಳೆಯ ಕಾರಿನ ಮಾಲೀಕನಿಂದ ನವೀಕರಣಕ್ಕೆ ಹೆಚ್ಚಿನ ಶುಲ್ಕ ವಸೂಲಿ ಮಾಡುವ ಸರ್ಕಾರ, ಆ ಕಾರನ್ನು ಸುರಕ್ಷಿತವಾಗಿ ಇಟ್ಟುಕೊಳ್ಳುವ ದಾರಿಯನ್ನೂ ತೋರಿಸಬೇಕು. ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಕೋರ್ಸ್ ಎರಡು ವರ್ಷದ್ದು. ಜಿಲ್ಲೆಯ ಐಟಿಐಗಳು ತಿಂಗಳಿಗೊಂದು ಭಾನುವಾರ ಬಾಗಿಲು ತೆರೆದು, ಮಾಲೀಕರಿಗೂ ಸಣ್ಣ ಗ್ಯಾರೇಜಿನವರಿಗೂ ಟಾರ್ಕ್ ರೆಂಚು, ಸ್ಟ್ಯಾಂಡು, ಪುಲ್ಲಿ ಸಾಧನಗಳನ್ನು ಬಾಡಿಗೆಗೆ ಕೊಟ್ಟು, ಪಕ್ಕದಲ್ಲಿ ನಿಂತು ಹೇಳಿಕೊಡಲಿ. ಬೆಲ್ಟು ಬದಲಾಯಿಸಿದವರು, ಮನೆಯಲ್ಲಾಗಲಿ ಗ್ಯಾರೇಜಿನಲ್ಲಾಗಲಿ, ತಾರೀಖು ಮತ್ತು ಕಿಲೋಮೀಟರನ್ನು ಬೆಲ್ಟ್ ಕವರಿನ ಮೇಲೆ ಅಳಿಸದ ಬಣ್ಣದಲ್ಲಿ ಬರೆದಿಡಿ. ಹಳೆಯ ಕಾರು ಕೊಳ್ಳಲು ಹೋದವರು ಬಾನೆಟ್ ತೆಗೆಸಿ ಆ ಬರಹವನ್ನು ಹುಡುಕಿ. ಬರಹ ಇಲ್ಲದಿದ್ದರೆ ಬೆಲ್ಟಿನ ಖರ್ಚನ್ನು ಬೆಲೆಯಲ್ಲಿ ಕಡಿತ ಮಾಡಿಸಿಕೊಂಡು, ಮೊದಲು ಅದನ್ನು ಹಾಕಿಸಿ.